ಮೂರು ಗಂಟೆ ನಲವತ್ತು ನಿಮಿಷದ ದಾರಿ

ಸೊಸೆ ಇರುವ ಊರು ಮೂರು ಗಂಟೆ ನಲವತ್ತು ನಿಮಿಷದ ದಾರಿ ಎಂದು ತಾತ ತೀರ್ಪು ಕೊಟ್ಟದ್ದು ಒಂದು ಗುರುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಬೀರುವಿನ ತಳದ ಖಾನೆ ಚೊಕ್ಕ ಮಾಡುವಾಗ ಅಜ್ಜಿಗೆ ಸೊಸೆಯ ವಿಮಾನದ ಟಿಕೆಟ್ಟಿನ ಜೆರಾಕ್ಸ್ ಸಿಕ್ಕಿತ್ತು. ತಾತ ಅದನ್ನು ತಟ್ಟೆಯ ಪಕ್ಕ ಇಟ್ಟುಕೊಂಡು, ಕನ್ನಡಕ ಏರಿಸಿ, ಎಡಗೈ ಬೆರಳನ್ನು ಸಾಲಿನ ಮೇಲೆ ಓಡಿಸಿದರು.

"ಬಿಡೋದು ಒಂಬತ್ತು ನಲವತ್ತು. ಸೇರೋದು ಹದಿಮೂರು ಇಪ್ಪತ್ತು, ಅಂದ್ರೆ ಮಧ್ಯಾಹ್ನ ಒಂದು ಇಪ್ಪತ್ತು. ರನ್ನಿಂಗ್ ಟೈಮ್ ಮೂರು ನಲವತ್ತು."

"ಅಷ್ಟೇನಾ?" ಅಂದಳು ಮೊಮ್ಮಗಳು ಸಾಸಿವೆ.

"ಅಷ್ಟೇ."

"ಹೋಗ್ರೀ," ಅಂದಳು ಅಜ್ಜಿ, ಅನ್ನದ ಪಾತ್ರೆಯ ತಳ ಕೆರೆಯುತ್ತಾ. "ಸಮುದ್ರ ದಾಟಿ ಹೋದವಳು ಮೂರು ಗಂಟೇಲಿ ತಲುಪ್ತಾಳಾ? ಅಲ್ಲಿಗೆ ಹೋದ ಮಾರನೇ ದಿನ ಫೋಟೋ ಕಳಿಸಿದ್ಲಲ್ಲ, ಪಾದ ನೋಡಿದ್ರಾ? ಬನ್ನಿನ ಹಾಗೆ ಊದಿತ್ತು. ಮೂರು ಗಂಟೆ ಕೂತವಳ ಕಾಲು ಹಾಗೆ ಊದುತ್ತಾ?"

"ಟಿಕೆಟ್ಟಲ್ಲಿ ಪಾದದ ವಿಚಾರ ಬರ್ದಿಲ್ಲ ಕಣೇ. ಟೈಮ್ ಬರ್ದಿದೆ."

"ಅಲ್ಲ, ನಮಗೆ ಸಂಜೆ ಆದಾಗ ಅವಳಿಗೆ ಬೆಳಗ್ಗೆ ಅಲ್ವಾ?"

ತಾತ ನಕ್ಕರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು ಅವರು. ಗಾಜಿನ ಕಿಂಡಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಟ್ಟಿತು, ಎಷ್ಟಕ್ಕೆ ಬಂತು, ಎಲ್ಲಿ ತಡವಾಯಿತು ಎಂದು ಬರೆದಿಟ್ಟವರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಬೀದಿಯವರು ಕಂಟ್ರೋಲರೇ ಎಂದೇ ಕರೆಯುತ್ತಿದ್ದರು.

"ನಮ್ಮ ಉದ್ದದ ಲೈನಲ್ಲಿ ಇಪ್ಪತ್ತೆರಡು ಸ್ಟಾಪು. ಒಂದೊಂದು ಊರಿನ ಗಡಿಯಾರ ಒಂದೊಂದು ಹೇಳ್ತಿತ್ತು. ಒಂದೂರಲ್ಲಿ ಹತ್ತು ನಿಮಿಷ ಮುಂದೆ. ಇನ್ನೊಂದೂರಲ್ಲಿ ಗಡಿಯಾರ ಕೆಟ್ಟು ಮೂರು ವರ್ಷ. ಅದನ್ನೆಲ್ಲ ನೋಡ್ಕೊಂಡು ಬಸ್ ಓಡಿಸೋಕಾಗುತ್ತಾ? ಊರಿಗೊಂದು ಹೊತ್ತು ಇರಲಿ, ಬೇಡ ಅನ್ನೋರು ಯಾರು? ಟೈಮ್ ಟೇಬಲ್‌ಗೆ ಮಾತ್ರ ಒಂದೇ. ಒಂದು ಲೈನಿಗೆ ಒಂದೇ ಗಡಿಯಾರ. ಬಿಡೋ ಕಡೆದು."

ಅಜ್ಜಿ ಮಗನ ಕಡೆ ತಿರುಗಿದಳು. "ನೀನೇನಂತೀಯೋ? ಏರ್‌ಪೋರ್ಟಿಗೆ ಬಿಟ್ಟು ಬಂದೋನು ನೀನು."

ಮಗ ಗಾಜಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಕಿಟಕಿಯ ಗಾಜು, ಕನ್ನಡಿ, ಫೋಟೋದ ಗಾಜು ಕೊಯ್ಯುವ ಕೆಲಸ. ಬಲಗೈಯ ಎರಡು ಬೆರಳಿಗೆ ಯಾವಾಗಲೂ ಪಟ್ಟಿ. ಅವನು ತಲೆ ಎತ್ತದೆ, "ಟಿಕೆಟ್ಟಲ್ಲಿ ಹಾಗಿದ್ರೆ ಹಾಗೇ ಬಿಡಿ," ಅಂದ. "ಸಾರು ಹಾಕಮ್ಮ."

ಮಾತು ಅಲ್ಲಿಗೆ ಮುಗಿಯಿತು ಎಂದು ಮೂವರು ದೊಡ್ಡವರೂ ಅಂದುಕೊಂಡರು. ಮುಗಿಯದೆ ಉಳಿದದ್ದು ಹುಡುಗಿಗೆ.

ಹನ್ನೊಂದು ವರ್ಷದ ಅವಳನ್ನು ಸಾಸಿವೆ ಎಂದು ಕರೆದವರು ತಾತನೇ. ಕಾದ ಎಣ್ಣೆಗೆ ಬಿದ್ದ ಕೂಡಲೇ ಸಿಡಿಯುವ ಜಾತಿ. ಅಮ್ಮ ಹೊರಟು ಹದಿನಾಲ್ಕು ತಿಂಗಳಾಗಿತ್ತು. ಅಲ್ಲೊಂದು ದೊಡ್ಡ ಲಾಂಡ್ರಿ, ಹೋಟೆಲುಗಳ ಹಾಸು ಹೊದಿಕೆ ಒಗೆದು ಮಡಿಸುವ ಕೆಲಸ. ಹೊರಡುವ ಹೊತ್ತಿನಲ್ಲಿ ಹುಡುಗಿ ಅವಳ ಸೆರಗು ಹಿಡಿದು ಬಿಟ್ಟಿರಲಿಲ್ಲ. ಆಗ ಅಮ್ಮ ಹೇಳಿದ್ದಳು: "ದೂರ ಏನಿಲ್ಲ ಕಣೇ. ಬೆಳಗ್ಗೆ ವಿಮಾನ ಹತ್ತಿದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರ್ತೀನಿ."

ಅಂದರೆ ತಾತ ಹೇಳಿದ್ದು, ಅಮ್ಮ ಹೇಳಿದ್ದು ಸರಿಯಾಗಿ ಕೂಡಿ ಬಂತು. ಮೂರು ಗಂಟೆ ನಲವತ್ತು ನಿಮಿಷ. ಶಾಲೆಯಲ್ಲಿ ಬೆಳಗ್ಗೆ ಬೆಲ್ಲು ಹೊಡೆದಲ್ಲಿಂದ ಊಟದ ಬೆಲ್ಲಿನವರೆಗೆ.

ಆ ಭಾನುವಾರ ಸಂಜೆ ಆರೂವರೆಗೆ ಎಂದಿನಂತೆ ಫೋನು ಬಂತು. ಅಮ್ಮ ಉಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಕೆಳಗಿನ ಕೋಣೆಯಲ್ಲಿ ಮಾತ್ರ ಸಿಗ್ನಲ್ಲು, ತಲೆಗೆ ಇಪ್ಪತ್ತು ನಿಮಿಷ, ಹಿಂದೆ ಸಾಲು. ಅಜ್ಜಿ ಮಂಡಿನೋವು ಹೇಳಿಕೊಂಡಳು. ತಾತ ಬೀದಿಯಲ್ಲಿ ಹೊಸದಾಗಿ ತೋಡಿದ ಗುಂಡಿಯ ಆಳ ಹೇಳಿದರು. ಆಮೇಲೆ ಸಾಸಿವೆ ಫೋನು ಹಿಡಿದಳು.

"ಅಮ್ಮಾ, ಬರೋ ತಿಂಗಳು ಒಂದು ಭಾನುವಾರ ಬಾ."

"ಭಾನುವಾರ ಬರೋದಾ?" ಅಮ್ಮ ನಕ್ಕಳು.

"ಶನಿವಾರ ಸಂಜೆ ಹೊರಡು. ಭಾನುವಾರ ಇರು. ಸೋಮವಾರ ಡ್ಯೂಟಿಗೆ ಹೋಗು. ನನ್ನ ನಾಟಕ ಇದೆ. ನಾನು ಮಂತ್ರಿ. ಡೈಲಾಗು ಜಾಸ್ತಿ."

"ಅಷ್ಟು ಸುಲಭ ಅಲ್ಲ ಕಣೇ ಬಂಗಾರ. ರಜೆ ಕೊಡಲ್ಲ."

"ಭಾನುವಾರ ರಜೆ ಇದೆಯಲ್ಲ. ರಜೆ ಇರೋದಕ್ಕೇ ತಾನೇ ಫೋನ್ ಮಾಡ್ತೀಯ?"

ಆ ಕಡೆ ಯಾರೋ ಕೆಮ್ಮಿದ್ದು ಕೇಳಿಸಿತು. ಅಮ್ಮ, "ಇವತ್ತು ಊಟಕ್ಕೆ ಏನು ಮಾಡಿದ್ರು?" ಅಂದಳು.

ಸಾಸಿವೆ ಫೋನನ್ನು ಅಪ್ಪನ ತೊಡೆಯ ಮೇಲಿಟ್ಟು, ಒಣಗಿದ ಬಟ್ಟೆ ತರುತ್ತೇನೆಂದು ಮಹಡಿಗೆ ಹೋದಳು.

ಮುಂದಿನ ಭಾನುವಾರವೂ ಆರೂವರೆಗೆ ಬಟ್ಟೆ ತರುವ ಕೆಲಸ ಬಂತು. ಅದರ ಮುಂದಿನ ವಾರ ಬಟ್ಟೆಯೇ ಒಗೆದಿರಲಿಲ್ಲ, ಆದರೂ ಹೋದಳು. ನಾಟಕ ನಡೆಯಿತು. ಮಂತ್ರಿಯ ಮೀಸೆ ಅರ್ಧದಲ್ಲೇ ಕಳಚಿ ಬಿದ್ದು, ಅವಳು ಅದನ್ನು ಎತ್ತಿ ಅಂಟಿಸಿಕೊಂಡೇ ರಾಜನಿಗೆ ಬುದ್ಧಿ ಹೇಳಿದಳಂತೆ. ಇಡೀ ಶಾಲೆ ಚಪ್ಪಾಳೆ ತಟ್ಟಿತಂತೆ. ಅದನ್ನು ತಾತ ಫೋನಿನಲ್ಲಿ ಸೊಸೆಗೆ ಹೇಳಿದರು. ಸೊಸೆ ನಗುತ್ತಲೇ, "ಅವಳ ಬಾಯಿಂದ ಕೇಳಬೇಕಿತ್ತು ಮಾವ, ಕೊಡಿ ಅವಳಿಗೆ," ಅಂದಳು. ತಾತ ಮಹಡಿಯ ಮೆಟ್ಟಿಲ ಕೆಳಗೆ ನಿಂತು ಕೂಗಿದರು. ಮೇಲಿನಿಂದ ಉತ್ತರ ಬಂತು: "ನಿದ್ದೆ ಮಾಡ್ತಿದೀನಿ."

"ನಿದ್ದೆ ಮಾಡೋರು ಮಾತಾಡಲ್ಲ!"

"ನಾನು ಮಾತಾಡ್ತೀನಿ!"

ಮನೆಯೊಳಗೆ ಅವಳ ಸಿಟ್ಟು ಪಾತ್ರೆ ಪಗಡಗಳ ಮೇಲೆ ತಿರುಗಿತು. ಲೋಟ ತೊಳೆದರೆ ಸದ್ದು, ಇಟ್ಟರೆ ಸದ್ದು. ಸೊಸೆ ಹೋದ ಮೇಲೆ ಅಜ್ಜಿಯ ಪಾಲಿಗೆ ಒಲೆ ಮತ್ತೆ ಬಂದಿತ್ತು. ಬೆರಳ ಗಂಟುಗಳು ಊದಿ ಹಿಟ್ಟು ನಾದಲಾಗುತ್ತಿರಲಿಲ್ಲ. ತರಕಾರಿ ಹೆಚ್ಚುವುದು ಸಾಸಿವೆಯ ಕೆಲಸ. ಒಂದು ದಿನ ಅವಳು ಕ್ಯಾರೆಟ್ಟನ್ನು ಹೆಬ್ಬೆರಳ ಗಾತ್ರ ಕೊಚ್ಚಿ ಹಾಕಿದಳು.

"ಇದೇನೇ, ದನಕ್ಕೆ ಹಾಕೋ ಹಾಗೆ?"

"ಅಮ್ಮನ್ನ ಕರೀರಿ, ಸಣ್ಣಗೆ ಹೆಚ್ಚಿಕೊಡ್ತಾಳೆ. ಬೆಳಗ್ಗೆ ಹೊರಟ್ರೆ ಮಧ್ಯಾಹ್ನದ ಅಡಿಗೇಗೆ ಬಂದ್ಬಿಡ್ತಾಳೆ."

"ಆಹಾ, ನಾಲಿಗೆ ನೋಡು, ಕತ್ತರಿ ಬೇಕಿಲ್ಲ ಇವಳಿಗೆ." ಅಜ್ಜಿ ಕ್ಯಾರೆಟ್ಟಿನ ಬಟ್ಟಲನ್ನು ಎಳೆದುಕೊಂಡು ತಾನೇ ಸಣ್ಣ ಮಾಡತೊಡಗಿದಳು. ನಾಲ್ಕು ಹೋಳಿಗೊಮ್ಮೆ ಚಾಕು ಕೆಳಗಿಟ್ಟು ಬೆರಳು ನೀವಿಕೊಂಡಳು. ಹುಡುಗಿ ಸ್ವಲ್ಪ ಹೊತ್ತು ನೋಡಿ, ಬಟ್ಟಲನ್ನು ಕಿತ್ತುಕೊಂಡು, ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದಳು.

ಒಂದು ಶನಿವಾರ ಅಪ್ಪನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದವಳು ಬಾಗಿಲಲ್ಲೇ ನಿಂತಳು. ಅವನು ಉದ್ದನೆಯ ಕನ್ನಡಿಯೊಂದನ್ನು ಮೇಜಿನ ಮೇಲೆ ಮಲಗಿಸಿ, ಅಳತೆಪಟ್ಟಿ ಇಟ್ಟು, ಗೆರೆ ಕೊಯ್ಯುತ್ತಿದ್ದ.

"ಅಪ್ಪಾ, ನೀನು ಅಲ್ಲಿದ್ದು ಅಮ್ಮ ಇಲ್ಲಿದ್ದಿದ್ರೆ, ನೀನು ಬರ್ತಿದ್ಯಾ?"

"ಗಾಜು ಕೊಯ್ಯುವಾಗ ಮಾತಾಡಿಸಬೇಡ ಅಂತ ಎಷ್ಟು ಸಲ ಹೇಳಿಲ್ಲ?"

ಅವಳು ಕಾದಳು. ಗಾಜು ಗೆರೆಯುದ್ದಕ್ಕೂ ಟಕ್ ಎಂದು ಬಿಟ್ಟುಕೊಂಡಿತು. ಅವನು ಎರಡೂ ತುಂಡನ್ನು ಗೋಡೆಗೆ ಒರಗಿಸಿದ, ಅಂಚು ಒರೆಸಿದ, ಡಬ್ಬಿ ತೆಗೆದುಕೊಂಡ.

"ಈಗ ಕೊಯ್ತಿಲ್ಲವಲ್ಲ," ಅಂದಳು.

"ಬಿಸಿಲು ಜಾಸ್ತಿ ಇದೆ, ನೆರಳಲ್ಲೇ ಹೋಗು ಮನೆಗೆ," ಅಂದ ಅವನು.

ಆರು ಭಾನುವಾರ ಹೀಗೆ ಕಳೆದ ಮೇಲೆ, ಒಂದು ಸೋಮವಾರ ಊಟದ ನಡುವೆ ಅವನು ಫೋನನ್ನು ಎಲ್ಲರ ಮಧ್ಯೆ ಇಟ್ಟ. "ಸಂಜೆ ಬಂತು. ಕೇಳಿ," ಅಂದ. ಹೆಂಡತಿಯ ವಾಯ್ಸ್ ಮೆಸೇಜು. ಹಿಂದೆ ಯಂತ್ರಗಳ ಗುಡುಗು, ಅದರ ಮೇಲೆ ಅವಳ ದನಿ.

"ರೀ, ಇಲ್ಲಿ ಪೇಪರ್ ಕೊಟ್ಟಿದಾರೆ. ಇನ್ನೆರಡು ವರ್ಷ ಇರ್ತೀನಿ ಅಂತ ಸಹಿ ಹಾಕ್ಬೇಕು, ಇಲ್ಲಾಂದ್ರೆ ಮೂರು ತಿಂಗಳಲ್ಲಿ ಮನೆಗೆ. ಈ ವಾರ ಮುಗಿಯೋದ್ರೊಳಗೆ ಹೇಳಿ ಅಂತಾರೆ. ನಾನು ಬಂದ್ಬಿಡೋಣ ಅಂತಲೇ ಇದ್ದೆ. ಆದ್ರೆ ಯಾರಿಗೋಸ್ಕರ ಬರಲಿ ಅನ್ಸತ್ತೆ. ಅವಳಿಗೆ ನಾನು ಬೇಡವಾಗಿದೀನಿ ಅಲ್ವಾ? ಒಂದೂವರೆ ತಿಂಗಳಾಯ್ತು ದನಿ ಕೇಳಿ. ಬೇಡವಾಗಿದ್ರೆ ಇಲ್ಲೇ ಇದ್ದು ನಾಲ್ಕು ಕಾಸಾದ್ರೂ ಕಳಿಸ್ತೀನಿ. ಅವಳನ್ನ ಕೇಳಿ. ಬೈಬೇಡಿ, ಸುಮ್ನೆ ಕೇಳಿ."

ಮೆಸೇಜು ಮುಗಿಯಿತು.

"ಕೇಳಿಸ್ತಾ?" ಅಂದ ಅಪ್ಪ.

ಸಾಸಿವೆ ಎಂಜಲು ಕೈಯಲ್ಲೇ ಎದ್ದು ನಿಂತಳು. "ಅಲ್ಲೇ ಇರಲಿ! ಮೂರು ಗಂಟೆ ದೂರ ಬರೋಕಾಗದೋಳು ಮೂರು ತಿಂಗಳಾದ ಮೇಲೆ ಬಂದು ಏನು ಮಾಡ್ತಾಳೆ?"

"ಬಾಯಿ ಮುಚ್ಚು!" ಅಜ್ಜಿ ಕೂಗಿದಳು. ಆಮೇಲೆ ಗಂಡನ ಕಡೆ ತಿರುಗಿ, "ಎಲ್ಲ ನಿಮ್ಮಿಂದ. ಎಲ್ಲಿಂದ ತಂದ್ರೋ ಆ ಮೂರು ನಲವತ್ತನ್ನ."

"ನಾನೇನು ಮನೇಲಿ ಅಚ್ಚು ಹಾಕಿದ್ನಾ? ಟಿಕೆಟ್ಟಲ್ಲಿದೆ!"

"ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹೋಗಿ ಕೇಳ್ಕೊಂಡು ಬನ್ನಿ ಯಾರನ್ನಾದ್ರೂ."

ತಾತನಿಗೆ ಆ ಮಾತು ನಾಟಿತು. ಆದರೆ ಅವರು ಹೊರಟದ್ದು ತಮ್ಮ ಲೆಕ್ಕ ಸರಿಯೋ ತಪ್ಪೋ ನೋಡಲಿಕ್ಕಲ್ಲ. ಸೊಸೆಗೆ ದಾರಿ ತೋರಿಸಲಿಕ್ಕೆ. ಮಂಗಳವಾರ ಗೆರೆ ಎಳೆದ ಹಾಳೆ ತೆಗೆದುಕೊಂಡು ಕೂತರು. ಶನಿವಾರ ಸಂಜೆ ಐದಕ್ಕೆ ಕೆಲಸ ಬಿಡುವುದು, ಏಳಕ್ಕೆ ವಿಮಾನ, ಹತ್ತು ನಲವತ್ತಕ್ಕೆ ಇಳಿಯುವುದು, ರಾತ್ರಿ ಬಸ್ಸು, ಭಾನುವಾರ ಮಧ್ಯಾಹ್ನದ ತನಕ ಮನೆ, ಮತ್ತೆ ಬಸ್ಸು, ಮತ್ತೆ ವಿಮಾನ. ಡ್ಯೂಟಿ ಚಾರ್ಟು. ಬುಧವಾರ ಅದನ್ನು ಶುದ್ಧಪ್ರತಿ ಮಾಡಿದರು. ಗುರುವಾರ ಬಸ್ಸಿನ ಸಮಯ ಹೊಂದಲಿಲ್ಲವೆಂದು ಮತ್ತೆ ಬರೆದರು. ಶುಕ್ರವಾರ ಅಜ್ಜಿ, "ಮದುವೆ ಲಗ್ನಪತ್ರಿಕೆಗೂ ಇಷ್ಟು ಹೊತ್ತು ಹಿಡೀಲಿಲ್ಲ," ಅಂದಳು. ಶನಿವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಟಿಕೆಟ್ ಬುಕ್ ಮಾಡುವ ಅಂಗಡಿಗೆ ಹೋದರು.

ಕೌಂಟರಿನ ಹಿಂದೆ ಒಬ್ಬಳು ಹುಡುಗಿ. ಚಾರ್ಟು ನೋಡಿ ಮೊದಲು ನಕ್ಕಳು, ತಾತನ ಮುಖ ನೋಡಿ ನಗು ನಿಲ್ಲಿಸಿದಳು.

"ತಾತ, ಇದು ಆಗಲ್ಲ."

"ಯಾಕಾಗಲ್ಲ? ಮೂರು ನಲವತ್ತರ ರನ್ನಿಂಗು. ಸೀಟಿಲ್ಲ ಅನ್ನು, ಒಪ್ಕೋತೀನಿ."

ಅವಳು ಕಂಪ್ಯೂಟರಿನಲ್ಲಿ ಏನೋ ಒತ್ತಿ ಒಂದು ಹಾಳೆ ತೆಗೆದು ಕೊಟ್ಟಳು. "ಇದು ಅಲ್ಲಿಂದ ಇಲ್ಲಿಗೆ ಬರೋದು. ನೋಡಿ."

ತಾತ ಓದಿದರು. ಬಿಡುವುದು ಹದಿನೈದು ಗಂಟೆ. ಸೇರುವುದು ಮಾರನೆಯ ದಿನ ಹನ್ನೆರಡು ನಲವತ್ತು. ಎರಡು ಸಲ ಎಣಿಸಿದರು.

"ಇಪ್ಪತ್ತೊಂದು ಗಂಟೆ ನಲವತ್ತು ನಿಮಿಷ! ಹೋಗೋಕೆ ಮೂರು ನಲವತ್ತು, ಬರೋಕೆ ಇಪ್ಪತ್ತೊಂದು ನಲವತ್ತಾ? ಬರುವಾಗ ತಳ್ಕೊಂಡು ಬರ್ತಾರೇನಮ್ಮ?"

"ಅಲ್ಲಿನ ಟೈಮು ಅಲ್ಲಿಗೆ, ಇಲ್ಲಿನ ಟೈಮು ಇಲ್ಲಿಗೆ ಬರೀತಾರೆ ತಾತ."

"ಒಂದೇ ಹಾಳೇಲಿ ಎರಡು ಗಡಿಯಾರವಾ? ಯಾವ ಕಂಟ್ರೋಲರ್ ಒಪ್ತಾನೆ ಅದನ್ನ?"

"ಕೂತ್ಕೊಳ್ಳಿ, ಇವರದ್ದೊಂದು ಮುಗಿಸಿ ಹೇಳ್ತೀನಿ."

ತಾತ ಕೂರಲಿಲ್ಲ. ಹೊರಗೆ ಅಂಗಡಿ ಸಾಲಿನ ಮುಂದೊಂದು ಕಲ್ಲುಬೆಂಚು ಇತ್ತು, ಅಲ್ಲಿಗೆ ಹೋದರು. ಎರಡು ಹಾಳೆಗಳನ್ನೂ ತೊಡೆಯ ಮೇಲೆ ಹರಡಿಕೊಂಡರು. ಒಂದೇ ರಸ್ತೆಯ ಮೇಲೆ ಹೋಗುವುದಕ್ಕೂ ಬರುವುದಕ್ಕೂ ಹತ್ತು ಹದಿನೈದು ನಿಮಿಷ ಹೆಚ್ಚುಕಡಿಮೆ ಬರಬಹುದು. ಏರು ಇದ್ದರೆ ಅರ್ಧ ಗಂಟೆ. ಹದಿನೆಂಟು ಗಂಟೆ ವ್ಯತ್ಯಾಸ ಬಂದರೆ ಬಸ್ಸು ಸರಿಯಿದೆ, ಬರೆದವನು ಕುಡಿದಿದ್ದಾನೆ ಎಂದರ್ಥ. ಇಲ್ಲವೇ ಎರಡು ಕಡೆ ಎರಡು ಗಡಿಯಾರ. ಹೋಗುವಾಗ ನುಂಗಿದ್ದನ್ನು ಬರುವಾಗ ಕಕ್ಕುತ್ತಿದೆ. ಹಾಗಾದರೆ ಎರಡನ್ನೂ ಕೂಡಿಸಬೇಕು, ಅರ್ಧ ಮಾಡಬೇಕು. ಜೇಬಿನಿಂದ ಪೆನ್ಸಿಲ್ಲು ತೆಗೆದು ಚಾರ್ಟಿನ ಹಿಂಬದಿಯಲ್ಲಿ ಬರೆದರು. ಮೂರು ನಲವತ್ತು, ಇಪ್ಪತ್ತೊಂದು ನಲವತ್ತು. ಕೂಡಿದರೆ ಇಪ್ಪತ್ತೈದು ಇಪ್ಪತ್ತು. ಅರ್ಧ, ಹನ್ನೆರಡು ನಲವತ್ತು.

ಪೆನ್ಸಿಲ್ಲು ಹಿಡಿದುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಒಳಗೆ ಹೋಗಿ, ಗಿರಾಕಿಯ ಹೆಗಲ ಮೇಲಿಂದಲೇ ಕೇಳಿದರು: "ಹನ್ನೆರಡು ನಲವತ್ತಾ?"

"ಹೋಗೋದು ಹದಿಮೂರು ಗಂಟೆ ಹತ್ತು ನಿಮಿಷ, ಬರೋದು ಹನ್ನೆರಡು ಹತ್ತು. ಬರುವಾಗ ಗಾಳಿ ಬೆನ್ನಿಗಿರುತ್ತೆ." ಅವಳು ಬೆರಗಾಗಿ ನೋಡಿದಳು. "ನೀವೇ ಲೆಕ್ಕ ಹಾಕಿದ್ರಾ?"

"ದೂರ ಎಷ್ಟಾಗತ್ತಮ್ಮ?"

"ಹನ್ನೊಂದು ಸಾವಿರ ಕಿಲೋಮೀಟರ್."

ತಾತನ ಅತಿ ಉದ್ದದ ಲೈನು ಮುನ್ನೂರ ಹನ್ನೆರಡು ಕಿಲೋಮೀಟರು. ಆ ಬಸ್ಸಿನ ಡ್ರೈವರುಗಳು ಇಳಿದ ಮೇಲೆ ಕಾಲು ಸೆಟೆದು ಎರಡು ನಿಮಿಷ ಕಂಬ ಹಿಡಿದು ನಿಲ್ಲುತ್ತಿದ್ದರು. ಅದರ ಮೂವತ್ತೈದು ಪಟ್ಟು ದೂರ ಅವರ ಸೊಸೆ ಒಬ್ಬಳೇ ಹೋಗಿದ್ದಳು. ಹಿಂದೆಂದೂ ಅವಳು ಒಬ್ಬಳೇ ಮಾರುಕಟ್ಟೆಯ ಆಚೆ ಬಸ್ಸು ಹತ್ತಿದವಳಲ್ಲ.

ಅವರು ಮನೆಗೆ ಹೋಗದೆ ಸೀದಾ ಗಾಜಿನ ಅಂಗಡಿಗೆ ಹೋದರು. ಮಗನನ್ನು ಹೊರಗೆ ಕರೆದರು.

"ನಿನಗೆ ಗೊತ್ತಿತ್ತಾ?"

ಮಗ ಹಾಳೆ ನೋಡಿದ, ಹಿಂಬದಿಯ ಕೂಡುಲೆಕ್ಕ ನೋಡಿದ. "ಗೊತ್ತಿತ್ತು. ಅವತ್ತು ಅವಳು ಇಳಿದೆ ಅಂತ ಮೆಸೇಜ್ ಹಾಕಿದಾಗ ನಮಗೆ ರಾತ್ರಿ ಹತ್ತು ಐವತ್ತು. ಬೆಳಗ್ಗೆಯಿಂದ ಫೋನ್ ಕೈಲಿ ಹಿಡ್ಕೊಂಡೇ ಕೂತಿದ್ದೆ."

"ಮತ್ತೆ ಅವತ್ತು ಊಟಕ್ಕೆ ಕೂತಾಗ ಯಾಕೋ ಹೇಳಲಿಲ್ಲ? ನನ್ನನ್ನ ಮಂಗ ಮಾಡಿದ್ಯಲ್ಲೋ!"

"ನೀವು ಮೂರು ನಲವತ್ತು ಅಂದಾಗ ನನಗೂ ಹಾಯ್ ಅನ್ನಿಸ್ತು ಅಪ್ಪ. ಬೇಕೆಂದ್ರೆ ಸಂಜೆಯೊಳಗೆ ಬಂದ್ಬಿಡ್ತಾಳೆ ಅನ್ನೋ ಹಾಗಿತ್ತು. ಸುಳ್ಳು ಅಂತ ಗೊತ್ತಿದ್ರೂ... ಇರಲಿ ಅನ್ಕೊಂಡೆ. ಮಲಗೋಕೆ ಸುಲಭ ಆಗ್ತಿತ್ತು."

"ನಿನಗೆ ನಿದ್ದೆ ಬರಲಿ ಅಂತ ಮಗಳ ಬಾಯಿಗೆ ಬೀಗ ಹಾಕಿಸಿದೆ."

"ಬೀಗ ಮಾಡಿಕೊಟ್ಟೋರು ನೀವು."

ಮಗ ಜೇಬಿನಿಂದ ಫೋನು ತೆಗೆದ. "ಸಹಿ ಹಾಕಬೇಡ, ನಾಳೆ ಮಾತಾಡೋಣ ಅಂತ ಈಗಲೇ ಮೆಸೇಜ್ ಹಾಕ್ತೀನಿ," ಅಂದ. "ಸಾಸಿವೇಗೆ ನಾನೇ ಹೇಳ್ತೀನಿ."

"ಬೇಡ. ತಪ್ಪು ಬರೆದೋನು ತಿದ್ದಬೇಕು."

ಸಾಸಿವೆ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ತಾತ ಇಸ್ತ್ರಿ ಅಂಗಿಯಲ್ಲೇ ಅವಳೆದುರು ನೆಲದ ಮೇಲೆ ಕೂತರು. ಅವರು ನೆಲಕ್ಕೆ ಕೂತು ವರ್ಷವಾಗಿತ್ತು. ಅಜ್ಜಿ ಒಲೆ ಸಣ್ಣ ಮಾಡಿ ತಿರುಗಿ ನೋಡಿದಳು.

"ನಾನು ಹೇಳಿದ್ದು ತಪ್ಪು," ಅಂದರು. "ಮೂರು ನಲವತ್ತಲ್ಲ. ಹದಿಮೂರು ಗಂಟೆ ಹತ್ತು ನಿಮಿಷ."

ಹುಡುಗಿ ಬಟಾಣಿಯ ಸಿಪ್ಪೆ ಕೈಯಲ್ಲೇ ಹಿಡಿದಳು. ತಾತ ಎರಡು ಹಾಳೆ ತೋರಿಸಿದರು, ಹೋಗುವುದು, ಬರುವುದು, ಕೂಡಿಸುವುದು, ಅರ್ಧ. ಅವಳು ಲೆಕ್ಕದಲ್ಲಿ ಚುರುಕು, ಬೇಗ ಹಿಡಿದುಕೊಂಡಳು. ಹಿಡಿದುಕೊಂಡಷ್ಟೇ ಬೇಗ ಸಿಡಿದಳು.

"ನೀವು ಹೇಳಿದ್ರಿ ಅಂತ ನಾನು ಆರು ಭಾನುವಾರ... ಅಮ್ಮನಿಗೆ ನಾನು... ತಾತ, ನೀವು ಕಂಟ್ರೋಲರ್ರು!"

"ಹೌದು. ಬೈ."

"ಬೈಯಲ್ಲ!" ಅಂದು ಅವಳು ಬಟ್ಟಲು ಸಮೇತ ಬಟಾಣಿ ನೂಕಿದಳು. ಅವು ಒಲೆಕಟ್ಟೆಯ ಕೆಳಗೆ, ಬಾಗಿಲ ಸಂದಿಗೆ ಉರುಳಿದವು. ತಾತ ಕೈಯೂರಿ ಬಗ್ಗಿ ಒಂದೊಂದೇ ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಅವಳೂ ಮೂಗು ಒರೆಸಿಕೊಂಡು ಆರಿಸಿದಳು.

"ಮನೆಯಿಂದ ಹಿಡಿದು ಎಷ್ಟು?" ಕೇಳಿದಳು. "ಬಾಗಿಲಿಂದ ಬಾಗಿಲಿಗೆ."

"ಇಲ್ಲಿಂದ ಬಸ್ಸು ಆರು ಗಂಟೆ. ಅಲ್ಲಿ ಕಾಯೋದು ನಾಲ್ಕು. ವಿಮಾನ ಹದಿಮೂರು ಹತ್ತು. ಇಳಿದ ಮೇಲೆ ತಪಾಸಣೆ ಒಂದೂವರೆ. ಅಲ್ಲಿಂದ ಹಾಸ್ಟೆಲಿಗೆ ಮತ್ತೆ ಬಸ್ಸು, ನಾಲ್ಕು. ನಿಮ್ಮಪ್ಪ ಹೇಳಿದ್ದು ಇವೆಲ್ಲ. ಇಪ್ಪತ್ತೆಂಟು ನಲವತ್ತು."

"ಒಂದೇ ಕಡೆಗಾ?"

"ಒಂದೇ ಕಡೆಗೆ."

ಅಜ್ಜಿ ಒಲೆಯ ಮುಂದಿನಿಂದ, "ಪಾದ ನೋಡಿದಾಗಲೇ ಹೇಳಿದೆ," ಅಂದಳು.

ಭಾನುವಾರ ಐದು ಗಂಟೆಗೇ ಸಾಸಿವೆ ಬಟ್ಟೆಯನ್ನೆಲ್ಲ ತಂದು ಮಡಿಸಿಟ್ಟಳು. ಆರೂಕಾಲಿಗೆ ಫೋನು ತೆಗೆದುಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಮೊದಲ ರಿಂಗಿಗೇ ಎತ್ತಿದಳು.

"ಹಲೋ, ಅತ್ತೆ?"

"ನಾನು."

ಲೈನು ಕಡಿಯಿತೋ ಎಂದು ಹುಡುಗಿ ಫೋನು ನೋಡಿದಳು. ನಿಮಿಷಗಳು ಓಡುತ್ತಿದ್ದವು.

"ಹದಿಮೂರು ಗಂಟೆ ಹತ್ತು ನಿಮಿಷ," ಅಂದಳು. "ಬರೀ ವಿಮಾನದ್ದೇ. ಬಾಗಿಲಿಂದ ಬಾಗಿಲಿಗೆ ಇಪ್ಪತ್ತೆಂಟು ನಲವತ್ತು. ತಾತ ತಪ್ಪು ಹೇಳಿದ್ರಂತೆ. ನೀನ್ಯಾಕೆ ಊಟದ ಹೊತ್ತಿಗೆ ಅಲ್ಲಿರ್ತೀನಿ ಅಂದೆ?"

"ಇಳಿದಾಗ ಊಟದ ಹೊತ್ತೇ ಆಗಿತ್ತು ಕಣೇ."

"ಯಾರ ಊಟದ ಹೊತ್ತು?"

ಅಮ್ಮ ತಿರುಗಿ ಕೇಳಿದಳು: "ಹದಿಮೂರು ಗಂಟೆ ಅಂದಿದ್ರೆ ನೀನು ಸೆರಗು ಬಿಡ್ತಿದ್ಯಾ?"

"ಇಲ್ಲ."

"ನೀನು ಬಿಡದೇ ಇದ್ದಿದ್ರೆ ನಾನೂ ಹೋಗ್ತಿರಲಿಲ್ಲ."

ಮೆಟ್ಟಿಲ ಮುಂದೆ ಒಂದು ಸೈಕಲ್ಲು ಹೋಯಿತು. ಸಾಸಿವೆ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. "ಸಹಿ ಹಾಕಬೇಡ ಅಮ್ಮ. ಬಂದ್ಬಿಡು."

"ಶುಕ್ರವಾರ ಹಾಕ್ಬಿಟ್ಟೆ ಪುಟ್ಟ. ಅಪ್ಪನ ಮೆಸೇಜ್ ನೋಡಿದ್ದು ಆಮೇಲೆ."

ಬಾಗಿಲ ಒಳಗೆ ನಿಂತಿದ್ದ ತಾತನಿಗೆ ಸೊಸೆಯ ಮಾತು ಕೇಳಿಸಿರಲಾರದು. ಆದರೆ ಮೊಮ್ಮಗಳ ಬೆನ್ನು ನೋಡಿ ಗೊತ್ತಾಯಿತು. ಮಂಗಳವಾರದಿಂದ ಶುಕ್ರವಾರದವರೆಗೆ ತಾವು ಗೆರೆ ಎಳೆದು ಕೂತಿದ್ದ ನಾಲ್ಕು ದಿನ ನೆನಪಾಗಿ, ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಎರಡು ವರ್ಷಾನಾ?" ಸಾಸಿವೆ ಕೇಳುತ್ತಿದ್ದಳು.

"ಎರಡು ವರ್ಷ. ಮಧ್ಯೆ ಒಂದು ಸಲ ಮೂವತ್ತು ದಿನ ರಜೆ ಕೊಡ್ತಾರೆ. ಆರು ತಿಂಗಳಾದ ಮೇಲೆ."

"ಹೋಗಿ ಬರೋದೂ ಸೇರಿ ಮೂವತ್ತಾ?"

"ಸೇರಿ."

ಅವಳು ತುಟಿಯಲ್ಲೇ ಲೆಕ್ಕ ಹಾಕಿದಳು. "ಹಾಗಾದ್ರೆ ಇಪ್ಪತ್ತೇಳೂವರೆ."

"ಇಪ್ಪತ್ತೇಳೂವರೆ," ಅಂದಳು ಅಮ್ಮ. ಅವಳೂ ಯಾವತ್ತೋ ಹಾಕಿಟ್ಟ ಲೆಕ್ಕ ಅದು ಎಂದು ದನಿಯಲ್ಲೇ ತಿಳಿಯುತ್ತಿತ್ತು.

"ಹೇಳು."

"ಏನು ಹೇಳಲಿ?"

"ನೀನು ಹೋಗಿದ್ದು. ಮೊದಲಿಂದ. ಪೂರ್ತಿ."

ಅಮ್ಮ ಹೇಳತೊಡಗಿದಳು. ಬಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ತಲೆಯಿಟ್ಟರೂ ನಿದ್ದೆ ಬಾರದ್ದು. ತಪಾಸಣೆಯಲ್ಲಿ ಚಪ್ಪಲಿ ಬಿಚ್ಚಿ ಅಂದಾಗ, ಬಿಚ್ಚಿದ್ದನ್ನು ಮತ್ತೆ ಹಾಕಿಕೊಳ್ಳಬಹುದೋ ಇಲ್ಲವೋ ತಿಳಿಯದೆ ಬರಿಗಾಲಲ್ಲೇ ಎಷ್ಟೋ ದೂರ ನಡೆದದ್ದು. ಇಬ್ಬರು ದಪ್ಪ ಗಂಡಸರ ನಡುವಿನ ಸೀಟು. ಮೊದಲ ಗಂಟೆಯೆಲ್ಲ ಅತ್ತದ್ದು, ಬಲಗಡೆಯವನು ತನ್ನ ಪಾಲಿನ ಕಾಗದದ ಕರವಸ್ತ್ರಗಳನ್ನೂ ಕೊಟ್ಟದ್ದು. ಮೂರನೇ ಗಂಟೆಗೆ ತಟ್ಟೆಯಲ್ಲಿ ಬಂದ ಊಟ, ಯಾವುದು ಮುಚ್ಚಳ ಯಾವುದು ತಿನ್ನುವುದು ಗೊತ್ತಾಗದೆ ಪಕ್ಕದವನು ತಿಂದಂತೆ ತಿಂದದ್ದು. ಪಾಯಿಖಾನೆಯ ಬಾಗಿಲು ತೆಗೆಯಲು ಬಾರದೆ ಒಳಗಿನಿಂದ ಬಡಿದದ್ದು, ಹೊರಗಿನವರು ತಾವೇ ತಟ್ಟಿದ್ದಕ್ಕೆ ಉತ್ತರವೆಂದುಕೊಂಡು ಸುಮ್ಮನೆ ಕಾಯುತ್ತಾ ನಿಂತದ್ದು.

ಸಾಸಿವೆ ನಕ್ಕಳು. ಒಳಗೆ ಅಜ್ಜಿ ಸೌಟು ಕೆಳಗಿಟ್ಟು ಆ ನಗು ಕೇಳಿದಳು.

"ಆಮೇಲೆ?"

"ಆಮೇಲೆ ಆರು ಗಂಟೆ ಆಯ್ತು. ಮುಂದಿನ ಸೀಟಿನ ಹಿಂಭಾಗದಲ್ಲಿ ಒಂದು ಸಣ್ಣ ಟಿ.ವಿ. ಇತ್ತು, ಅದರಲ್ಲಿ ನಕ್ಷೆ. ಬೆರಳಷ್ಟು ವಿಮಾನ ಗೆರೆ ಮೇಲೆ ಹೋಗ್ತಿತ್ತು. ಈಗ ಸಾಸಿವೆ ಸ್ಕೂಲಿಂದ ಬಂದಿರ್ತಾಳೆ, ಬ್ಯಾಗ್ ಎಸೆದು ತಿನ್ನೋಕೇನಿದೆ ಅಂತ ಅಜ್ಜೀನ ಕೇಳ್ತಿರ್ತಾಳೆ, ನಾನು ಊಟ ಮಾಡಿ ಮಲಗಿದೀನಿ ಅನ್ಕೊಂಡಿರ್ತಾಳೆ ಅನ್ಸಿತು. ಎದ್ದು ಹೋಗಿ ಬಾಗಿಲ ಹತ್ತಿರದ ಕಿಟಕೀಲಿ ಬಗ್ಗಿ ನೋಡಿದೆ. ಬರೀ ನೀರು ಕಣೇ. ಎಷ್ಟು ಹೊತ್ತು ನಿಂತು ನೋಡಿದ್ರೂ ನೀರೇ. ಆಗ..."

ಆ ಕಡೆ ಯಾರೋ ಬಾಗಿಲು ತಟ್ಟಿದರು. ಅಮ್ಮ ಬೇರೆ ಭಾಷೆಯಲ್ಲಿ ಎರಡು ಮಾತು ಆಡಿದಳು. ಹುಡುಗಿ ಆ ದನಿಯಲ್ಲಿ ಅಮ್ಮನನ್ನು ಕೇಳಿದ್ದು ಅದೇ ಮೊದಲು. "ಇಪ್ಪತ್ತು ನಿಮಿಷ ಆಯ್ತಂತೆ ಕಣೇ. ಸಾಲು ನಿಂತಿದೆ. ಉಳಿದದ್ದು ಬರೋ ಭಾನುವಾರ ಹೇಳ್ತೀನಿ. ಎತ್ತುತೀಯಲ್ಲ?"

"ಎತ್ತುತೀನಿ."

ಫೋನು ನಿಂತಿತು. ಸಾಸಿವೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆಯೇ ಕೂತಿದ್ದಳು. ಬೀದಿಯ ದೀಪಗಳು ಹತ್ತಿದವು. ಅಜ್ಜಿ ಬಾಗಿಲಿಗೆ ಬಂದು ಅವಳ ತಲೆ ಮುಟ್ಟಿದಳು.

"ಬಾರೇ, ಅನ್ನ ಆರ್ತಿದೆ. ಎಲ್ಲ ಹೇಳಿದ್ಲಾ ನಿಮ್ಮಮ್ಮ?"

"ಸ್ವಲ್ಪ ಇರು ಅಜ್ಜಿ," ಅಂದಳು ಸಾಸಿವೆ. "ಅಮ್ಮ ಇನ್ನೂ ಇಳಿದಿಲ್ಲ."